ನ್ಯೂಸ್‌ಲೆಟರ್‌ಗೆ ಯಾರೂ ಸೇರುತ್ತಿಲ್ಲವಾ? ಫಾರ್ಮ್ ಎಲ್ಲಿದೆ ನೋಡಿ

ವೆಬ್‌ಸೈಟಿಗೆ ಜನ ಬರುತ್ತಾರೆ, ಓದುತ್ತಾರೆ, ಹೋಗುತ್ತಾರೆ, ಆದರೆ ಇಮೇಲ್‌ನಲ್ಲಿ ಕಳಿಸುವ ನ್ಯೂಸ್‌ಲೆಟರ್‌ಗೆ ಮಾತ್ರ ಸೇರುವುದಿಲ್ಲ ಅನ್ನುವವರು ಮೊದಲು ಸೇರುವ ಫಾರ್ಮ್ ಎಲ್ಲಿದೆ ಅಂತ ನೋಡಿ. ಪುಟದ ತಳದಲ್ಲಿ ಸುಮ್ನೆ ಬಿದ್ದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜನ ಜಾಸ್ತಿ ಓದುವ ನಾಲ್ಕೈದು ಬರಹ ಆರಿಸಿಕೊಂಡು, ಪ್ರತಿಯೊಂದರ ಕೊನೆಗೆ ಆ ವಿಷಯಕ್ಕೇ ಹೊಂದುವ ಒಂದು ಸಾಲು ಬರೆದು ಅಲ್ಲೇ ಫಾರ್ಮ್ ಇಡಿ. "ನಮ್ಮ ನ್ಯೂಸ್‌ಲೆಟರ್‌ಗೆ ಸೇರಿ" ಅಂದರೆ ಯಾರು ಸೇರುತ್ತಾರೆ ಹೇಳಿ? ಏನು ಬರುತ್ತದೆ, ತಿಂಗಳಿಗೆ ಎಷ್ಟು ಸಲ ಬರುತ್ತದೆ, ಅದನ್ನು ಬರೆಯಿರಿ. ಇಮೇಲ್ ಒಂದನ್ನೇ ಕೇಳಿ. ಫೋನ್ ನಂಬರ್ ಯಾಕೆ ಬೇಕು?

ಪುಟ ತೆರೆದ ಕೂಡಲೇ ಮುಖಕ್ಕೆ ರಾಚುವ ಪಾಪ್‌ಅಪ್ ಕಂಡರೆ ನನಗಂತೂ ಸಿಟ್ಟು ಬರುತ್ತದೆ. ಮೊಬೈಲಿನಲ್ಲಿ ಇಡೀ ಪರದೆ ಮುಚ್ಚುವಂಥದ್ದಾದರೆ ಗೂಗಲ್ ಕೂಡ ಆ ಪುಟವನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಬಹುದು, 2017ರಿಂದಲೇ ಈ ನಿಯಮ ಇದೆ.

ದುಡ್ಡು ಕೊಟ್ಟು ಇಮೇಲ್ ಪಟ್ಟಿ ಮಾತ್ರ ಕೊಳ್ಳಬೇಡಿ. ಕೇಳದವರಿಗೆ ಕಳಿಸಿದರೆ ಅವರು ಸ್ಪ್ಯಾಮ್ ಅಂತ ಒತ್ತುತ್ತಾರೆ, ಅಲ್ವಾ? ಜಿಮೇಲ್ 2024ರ ಫೆಬ್ರವರಿಯಿಂದ ಬಿಗಿ ಮಾಡಿದೆ, ಸ್ಪ್ಯಾಮ್ ದೂರು 0.3%ಗಿಂತ ಕೆಳಗಿರಬೇಕು. ದಾಟಿದರೆ ಇಷ್ಟಪಟ್ಟು ಸೇರಿದವರಿಗೂ ನಿಮ್ಮ ಮೇಲ್ ಇನ್‌ಬಾಕ್ಸ್‌ಗೆ ಹೋಗದೇ ಇರಬಹುದು. ಅದಕ್ಕೇ ಯಾರಾದರೂ ಸೇರಿದ ಕೂಡಲೇ "ನೀವೇ ಸೇರಿದ್ದಾ?" ಅಂತ ಖಚಿತಪಡಿಸುವ ಲಿಂಕ್ ಕಳಿಸಿ. ಪಟ್ಟಿ ನಿಧಾನವಾಗಿ ಬೆಳೆಯುತ್ತದೆ, ಪರವಾಗಿಲ್ಲ.