ಆಟದ ಪೀರಿಯಡ್‌ನಲ್ಲಿ ಎಲ್ಲ ಮಕ್ಕಳೂ ಆಡಬೇಕಾದರೆ

ಪಿ.ಟಿ. ಪೀರಿಯಡ್‌ನಲ್ಲಿ ನಮ್ಮ ಹೈಸ್ಕೂಲುಗಳ ಮೈದಾನಕ್ಕೆ ಹೋದರೆ, ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಬಲ್ಲ ಹತ್ತು–ಹನ್ನೆರಡು ಮಕ್ಕಳು ಅಂಕಣದಲ್ಲಿದ್ದು, ಉಳಿದವರು ಹೊಂಗೆ ಮರದ ನೆರಳಿನಲ್ಲಿ ಕುಳಿತು ನೋಟ್ಸ್ ಬರೆಯುತ್ತಿರುವುದು ಕಾಣುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಆ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿಗೆ ಅದು ದಕ್ಕುತ್ತಿಲ್ಲ. ಹುಡುಗಿಯರಲ್ಲಿ ಈ ಪ್ರಮಾಣ ಶೇ 85. ಶಾಲೆಗಳು ಗೆದ್ದ ಕಪ್‌ಗಳನ್ನು ಎಣಿಸುವ ಮೊದಲು ನೆರಳಿನಲ್ಲಿ ಕುಳಿತವರನ್ನು ಎಣಿಸಬೇಕು.

ಕೆಲಸ ಆರಂಭವಾಗಬೇಕಾದದ್ದೂ ಅಲ್ಲಿಂದಲೇ. ಎರಡು ವಾರಗಳ ಕಾಲ ಹಾಜರಿ ಪಟ್ಟಿಯ ಒಂದು ಪ್ರತಿಯಲ್ಲಿ ಯಾರು ಆಡಿದರು, ಯಾರು ಕುಳಿತರು ಎಂದು ಗುರುತು ಹಾಕಿಕೊಳ್ಳಿ. ಬಳಿಕ ಹೆಸರಿಲ್ಲದ ಚೀಟಿಯಲ್ಲಿ ಕಾರಣ ಬರೆದುಕೊಡುವಂತೆ ಮಕ್ಕಳನ್ನು ಕೇಳಿ. ‘ನನಗೆ ಬಾಲೇ ಸಿಗುವುದಿಲ್ಲ’, ‘ಓಡಿದರೆ ನಗುತ್ತಾರೆ’ ಎಂಬಂತಹ ಮಾತುಗಳನ್ನು ಸೋಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ.

ಮುಂದಿನದು ಪೀರಿಯಡ್ಡನ್ನು ಉಳಿಸಿಕೊಳ್ಳುವುದು. ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿಗಳಿಗೆ ಮೊದಲು ಬಲಿಯಾಗುವುದು ಆಟದ ಅವಧಿಯೇ. ವೇಳಾಪಟ್ಟಿಯಲ್ಲಿರುವ ಆಟದ ಅವಧಿಯನ್ನು ಬೇರೆ ವಿಷಯಕ್ಕೆ ಕೊಡಬಾರದೆಂದು ಮುಖ್ಯ ಶಿಕ್ಷಕರು ಜೂನ್ ತಿಂಗಳಲ್ಲೇ ಶಿಕ್ಷಕರ ಸಭೆಯಲ್ಲಿ ತೀರ್ಮಾನ ಮಾಡಿಸಬೇಕು, ಪಿ.ಟಿ. ಮೇಷ್ಟ್ರೊಬ್ಬರೇ ಇದಕ್ಕಾಗಿ ವಾದಿಸಿ ಗೆಲ್ಲುವುದು ಕಷ್ಟ.

ನಿಜವಾದ ಬದಲಾವಣೆ ಆಗುವುದು ಅಂಕಣದಲ್ಲಿ. 40 ಮಕ್ಕಳ ತರಗತಿಗೆ ಒಂದು ಕಬಡ್ಡಿ ಅಂಕಣ ಹಾಕಿದರೆ 14 ಮಂದಿ ಆಡುತ್ತಾರೆ, 26 ಮಂದಿ ನೋಡುತ್ತಾರೆ. ಖೋ ಖೋದಲ್ಲಿ ಒಂದು ಗಳಿಗೆಗೆ ಓಡುವವರು ಬೆನ್ನಟ್ಟುವವನೊಬ್ಬ ಮತ್ತು ಓಟಗಾರರು ಮೂವರು ಮಾತ್ರ. ಎಂಟು ಮಂದಿ ಚೌಕಗಳಲ್ಲಿ ಕುಳಿತಿರುತ್ತಾರೆ. ಟೂರ್ನಿಗೆ ಈ ನಿಯಮಗಳು ಸರಿ, ತರಗತಿಗೆ ಸಾಲವು. ಆದ್ದರಿಂದ ಸುಣ್ಣದ ಪುಡಿಯಿಂದ ಮೈದಾನವನ್ನು ನಾಲ್ಕು ಭಾಗ ಮಾಡಿ, ಒಂದೊಂದರಲ್ಲಿ ಹತ್ತು ಮಕ್ಕಳನ್ನು ನಿಲ್ಲಿಸಿ: ಒಂದೆಡೆ ಐದೈದು ಮಂದಿಯ ಥ್ರೋಬಾಲ್, ಇನ್ನೊಂದೆಡೆ ನಾಲ್ಕೇ ಚೌಕಗಳ ಕಿರು ಖೋ ಖೋ, ಮತ್ತೊಂದೆಡೆ ಲಗೋರಿ, ಕೊನೆಯದರಲ್ಲಿ ಹಗ್ಗದಾಟ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಗುಂಪುಗಳನ್ನು ಮುಂದಿನ ಭಾಗಕ್ಕೆ ಕಳುಹಿಸಿ. ಲಗೋರಿಗೆ ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು ಸಾಕು. ಎಸೆತ ಗುರಿ ತಪ್ಪಿದವನಿಗೂ ತಂಡದ ಯಾರಾದರೂ ಕಲ್ಲು ಬೀಳಿಸಿದ ಕೂಡಲೇ ಓಡುವ ಕೆಲಸವಿರುವುದರಿಂದ, ಆಟದಲ್ಲಿ ಹಿಂದುಳಿದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುವುದಿಲ್ಲ. ನಾಯಕರು ಎಲ್ಲರೆದುರು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಪದ್ಧತಿಯನ್ನು ಮಾತ್ರ ಇಂದೇ ಕೈಬಿಡಿ. ಕೊನೆಯವಳಾಗಿ ಉಳಿಯುವ ಹುಡುಗಿ ಮುಂದಿನ ವಾರ ತಲೆನೋವೆಂದು ತರಗತಿಯಲ್ಲೇ ಕೂರುತ್ತಾಳೆ.

ಹೆಣ್ಣುಮಕ್ಕಳ ವಿಷಯದಲ್ಲಿ ಭಾಷಣಕ್ಕಿಂತ ಅನುಕೂಲ ಮುಖ್ಯ. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ, ನೀರಿರುವ ಶೌಚಾಲಯ, ಟ್ರ್ಯಾಕ್ ಪ್ಯಾಂಟ್ ಅಥವಾ ಚೂಡಿದಾರದಲ್ಲಿ ಆಡಲು ಅನುಮತಿ, ಮುಟ್ಟಿನ ದಿನಗಳಲ್ಲಿ ಆಡುವ ಅಥವಾ ವಿರಮಿಸುವ ಆಯ್ಕೆ ಇವಿಷ್ಟನ್ನು ಶಿಕ್ಷಕಿಯೊಬ್ಬರು ನೋಡಿಕೊಂಡರೆ ಬರುವವರ ಸಂಖ್ಯೆ ಏರುತ್ತದೆ. ಅಂಗವೈಕಲ್ಯವಿರುವ ಮಗುವಿಗೆ ಅಂಕ ಬರೆಯುವ ಕೆಲಸವನ್ನಷ್ಟೇ ಕೊಟ್ಟು ಸುಮ್ಮನಾಗದೆ, ಎಸೆತದ ದೂರವನ್ನೋ ಚೆಂಡಿನ ಗಾತ್ರವನ್ನೋ ಬದಲಿಸಿ ಆಟದೊಳಗೆ ಸೇರಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಶಾಲೆಯೊಳಗೇ ತಂಡಗಳ ನಡುವೆ ಪಂದ್ಯಗಳನ್ನು ನಡೆಸಿ, ಪ್ರತಿ ಆಟಗಾರನೂ ಅರ್ಧ ಅವಧಿಯಾದರೂ ಆಡಲೇಬೇಕೆಂಬ ನಿಯಮವಿಡಿ. ಅಂಪೈರ್‌ಗಳಾಗಿ ಹತ್ತನೆಯ ತರಗತಿಯವರಿರಲಿ.

ಹಣದ ವಿಷಯಕ್ಕೆ ಬಂದರೆ, ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗೆ ವರ್ಷಕ್ಕೆ ₹25,000ದವರೆಗೆ, ಹಿರಿಯ ಪ್ರಾಥಮಿಕ ಶಾಲೆಗೆ ₹10,000ದವರೆಗೆ, ಕಿರಿಯ ಪ್ರಾಥಮಿಕ ಶಾಲೆಗೆ ₹5,000ದವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ಅದರಲ್ಲಿ ಖರೀದಿ ಮಾಡುವಾಗ ದುಬಾರಿ ಕಿಟ್ ಒಂದರ ಬದಲು ಹತ್ತು ಸಾಧಾರಣ ಚೆಂಡು, ಇಪ್ಪತ್ತು ಹಗ್ಗ, ಗಾಳಿ ತುಂಬುವ ಒಂದು ಪಂಪು ಕೊಳ್ಳಿ, ಮತ್ತು ಅವುಗಳ ಬೀರುವಿನ ಕೀಲಿ ಬಿಡುವಿನ ವೇಳೆಯಲ್ಲಿ ಮಕ್ಕಳ ಕೈಗೆ ಸಿಗುವಂತಿರಲಿ.