ಹಳೆಯ ವಿಶ್ವಾಸಿಯಲ್ಲಿ ಕೃಪೆಯ ನೆನಪು ಬತ್ತದಿರಲು

ವಿಶ್ವಾಸಕ್ಕೆ ಬಂದು ಇಪ್ಪತ್ತು ಮೂವತ್ತು ವರ್ಷ ಕಳೆದವರಲ್ಲಿಯೂ, ಹತ್ತೊಂಬತ್ತನೆಯ ಶತಮಾನದಲ್ಲಿ ಸುವಾರ್ತೆ ಸಾರಲು ಕರಾವಳಿಗೆ ಬಂದ ಬಾಸೆಲ್ ಮಿಶನ್ನಿನ ಕಾಲದಿಂದ ಕ್ರೈಸ್ತರಾಗಿರುವ ಮನೆತನಗಳಲ್ಲಿ ಹುಟ್ಟಿದವರಲ್ಲಿಯೂ ಕೃಪೆಯ ಮೇಲಿನ ಕೃತಜ್ಞತೆ ಬತ್ತಿಹೋಗಲು ದೊಡ್ಡ ಪಾಪವೇನೂ ಬೇಕಾಗಿಲ್ಲ. ಮಾಡಿದ ಸೇವೆಗೆ ಲೆಕ್ಕ ಇಡತೊಡಗಿದರೆ ಸಾಕು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಸಾಮ್ಯದಲ್ಲಿ, ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ತಂದೆ ಔತಣ ಮಾಡಿಸಿದಾಗ ಸಿಟ್ಟಾದ ಹಿರಿಯ ಮಗ ಮನೆ ಬಿಟ್ಟು ಹೋದವನಲ್ಲ, ಆದರೂ ತಂದೆಯೆದುರು ಅವನ ಬಾಯಿಂದ ಮೊದಲು ಹೊರಟದ್ದು ತಾನು ದುಡಿದ ವರ್ಷಗಳ ಮಾತು. ಆದ್ದರಿಂದ ಒಂದು ವಾರ ನಿಮ್ಮ ಮಾತನ್ನೇ ಗಮನಿಸಿರಿ. ಸಭೆಯ ಕೂಟದಲ್ಲಿ, ಮನೆಯಲ್ಲಿ, ಪ್ರಾರ್ಥನೆಯಲ್ಲಿ 'ಇಷ್ಟು ವರ್ಷಗಳಿಂದ ನಾನು' ಎಂಬ ಮಾತು ಎಷ್ಟು ಸಲ ಬರುತ್ತದೆಂದು ನೋಡಿಕೊಂಡರೆ ರೋಗ ಎಲ್ಲಿದೆ ಎಂಬುದು ತಿಳಿದೀತು.

ಇದಕ್ಕೆ ನಾನು ಕಂಡಿರುವ ಅತ್ಯುತ್ತಮ ಅಭ್ಯಾಸ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿದೆ. ಬೆಳೆಯ ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ತಂದ ಇಸ್ರಾಯೇಲ್ಯ ರೈತ ಅದನ್ನು ಒಪ್ಪಿಸಿ ಸುಮ್ಮನೆ ಹೋಗುವಂತಿರಲಿಲ್ಲ. ತನ್ನ ಮೂಲಪುರುಷ ಅಲೆದಾಡುತ್ತಿದ್ದ ಅರಾಮ್ಯನೆಂದೂ (ಅರಾಮ್ ದೇಶದವನೆಂದೂ), ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ತಾವು ಬಿಟ್ಟಿದುಡಿಮೆಯಲ್ಲಿ ನರಳಿದಾಗ ದೇವರು ಮೊರೆ ಕೇಳಿ ಬಿಡಿಸಿದನೆಂದೂ, ಆತನು ಕೊಟ್ಟ ನೆಲದ ಬೆಳೆಯನ್ನೇ ಈಗ ತಂದಿದ್ದೇನೆಂದೂ ಬಾಯಿಬಿಟ್ಟು ಹೇಳಬೇಕಿತ್ತು. ಐಗುಪ್ತವನ್ನು ಕಣ್ಣಿಂದ ಕಾಣದ ತಲೆಮಾರಿನವರೂ 'ಅವರನ್ನು' ಎನ್ನದೆ 'ನಮ್ಮನ್ನು' ಎಂದೇ ಹೇಳುತ್ತಿದ್ದರು. ಮೂರನೆಯ ನಾಲ್ಕನೆಯ ತಲೆಮಾರಿನ ಕ್ರೈಸ್ತನಿಗೆ, 'ನನ್ನಲ್ಲಿ ಸಾಕ್ಷಿ ಹೇಳುವಂಥದ್ದೇನೂ ನಡೆದಿಲ್ಲ' ಎಂದು ಕೊರಗುವವನಿಗೆ, ಈ ಒಂದು ಸರ್ವನಾಮ ದೊಡ್ಡ ಉಪಕಾರ ಮಾಡುತ್ತದೆ.

ನೀವೂ ಹಾಗೆಯೇ ಐದಾರು ವಾಕ್ಯ ಬರೆದಿಟ್ಟುಕೊಳ್ಳಿರಿ: ನಮ್ಮ ಮನೆಯವರು ಎಲ್ಲಿದ್ದರು, ನನಗೆ ಸುವಾರ್ತೆಯನ್ನು ತಂದವರು ಯಾರು, ನಾನು ಯಾವುದರಿಂದ ಬಿಡುಗಡೆಯಾದೆ, ಇಂದು ಕೈಯಲ್ಲಿ ಏನಿದೆ. ಸುಗ್ಗಿ ಹಬ್ಬದ ದಿನ ಹಿತ್ತಲಿನ ಕುಂಬಳಕಾಯಿಯನ್ನು ಹೊತ್ತು ದೇವಾಲಯಕ್ಕೆ ಹೊರಡುವ ಮೊದಲು ಅಡುಗೆಮನೆಯಲ್ಲೇ ನಿಂತು ಅದನ್ನು ಮಕ್ಕಳೆದುರು ಓದಿರಿ. ಕಾಯಿಯ ತೊಟ್ಟಿನಲ್ಲಿ ಇನ್ನೂ ಮಣ್ಣು ಅಂಟಿರುತ್ತದೆ, ಕೈ ಭಾರವಾಗಿರುತ್ತದೆ. ಬರಿಗೈಯಲ್ಲಿ ಹೇಳಿದ ಮಾತಿಗೂ ಆಗ ಹೇಳಿದ ಮಾತಿಗೂ ವ್ಯತ್ಯಾಸವಿದೆ. ದೇವಾಲಯ ತಲುಪಿದ ಮೇಲೆ ಹರಾಜಿನಲ್ಲಿ ಅದು ಎಷ್ಟಕ್ಕೆ ಹೋಯಿತು ಎಂಬುದರ ಮೇಲೆಯೇ ಮನಸ್ಸು ನೆಡುತ್ತದೆ ಎಂಬುದು ನನ್ನ ಸ್ವಂತ ಅನುಭವ, ಅದಕ್ಕಾಗಿಯೇ ಮನೆಯಲ್ಲಿ ಓದಿರೆಂದು ಹೇಳುತ್ತಿದ್ದೇನೆ.

ಎರಡನೆಯದು ಪಾಪದ ಅರಿಕೆಗೆ ಸಂಬಂಧಿಸಿದ್ದು. ಆರಾಧನೆಯ ಕ್ರಮದಲ್ಲಿರುವ ಅರಿಕೆಯ ಮಾತುಗಳು ಬಾಯಿಪಾಠವಾದವರಿಗೆ ತುಟಿ ಒಂದು ಕಡೆ, ಮನಸ್ಸು ಹೊರಗೆ ನಿಲ್ಲಿಸಿದ ಸ್ಕೂಟರಿನ ಕಡೆ. ಶನಿವಾರ ರಾತ್ರಿಯೇ ಆ ವಾರದ ಒಂದೇ ಒಂದು ತಪ್ಪನ್ನು, ಯಾರಿಗೆ ಏನೆಂದೆ ಎಂಬಷ್ಟು ಬಿಡಿಸಿ, ಮನಸ್ಸಿಗೆ ತಂದುಕೊಂಡು ಹೋಗಿರಿ. 'ಅಮೇಜಿಂಗ್ ಗ್ರೇಸ್' ಹಾಡನ್ನು ಬರೆದ, ಮುಂದೆ ಪಾದ್ರಿಯಾದ ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್ 1748ರ ಮಾರ್ಚ್‌ನಲ್ಲಿ ಕಡಲ ಬಿರುಗಾಳಿಯಿಂದ ಪಾರಾದ ದಿನವನ್ನು ಮುಪ್ಪಿನವರೆಗೂ ವರ್ಷವರ್ಷ ನೆನೆದ. ಆದರೆ ಆ ಬಿಡುಗಡೆಯ ನಂತರವೂ ಅವನು 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದ. ಆ ವ್ಯಾಪಾರದಲ್ಲಿ ತನಗಿದ್ದ ಪಾಲನ್ನು ಅಚ್ಚಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡದ್ದು 1788ರಲ್ಲಿ, ನಲವತ್ತು ವರ್ಷಗಳ ಮೇಲೆ. ಹಳೆಯ ವಿಶ್ವಾಸಿಗೆ ಕ್ಷಮೆ ಬೇಕಾದದ್ದು ಹೊಸಬನಿಗಿಂತ ಕಡಿಮೆಯೇನಲ್ಲ. ಅಷ್ಟು ಕಾಲ ಕಣ್ಣಿಗೇ ಬೀಳದಿದ್ದದ್ದು ಅವನಿಗೆ ಕಾಣತೊಡಗುತ್ತದೆ, ಕಂಡಷ್ಟೂ ಕ್ಷಮೆಯ ಅಳತೆ ತಿಳಿಯುತ್ತದೆ.

ಕಾಣಿಕೆಯ ವಿಷಯದಲ್ಲಿ ಹೇಳುವುದು ಸ್ವಲ್ಪವೇ: ವರ್ಷಕ್ಕೊಮ್ಮೆಯಾದರೂ ಹೆಸರು ಓದದ, ರಸೀದಿ ಹರಿಯದ ಕಡೆ ಕೊಡಿರಿ. ಏನೂ ಅನ್ನಿಸದ ತಿಂಗಳುಗಳೂ ಬರುತ್ತವೆ. ಆಗ ಭಾವನೆಯನ್ನು ಬಲವಂತವಾಗಿ ಎಬ್ಬಿಸಲು ಹೋಗದೆ ಬರೆದಿಟ್ಟ ವಾಕ್ಯಗಳನ್ನು ಓದಿ ಮುಗಿಸಿರಿ.

ಪ್ರಥಮಫಲದ ಆ ವಿಧಿ ಮುಗಿಯುವುದು ಸ್ವಂತ ನೆಲದ ಪಾಲಿಲ್ಲದೆ ದೇವರ ಸೇವೆಗೆ ಮೀಸಲಾಗಿದ್ದ ಲೇವಿಯನೊಡನೆಯೂ ಪರದೇಶಿಯೊಡನೆಯೂ ಕೂಡಿ ಸಂತೋಷಪಡುವುದರಲ್ಲಿ. ನಿಮ್ಮ ಸಭೆಗೆ ಈಚೆಗೆ ಬಂದು, ಯಾವ ಹಾಡು ಎಷ್ಟನೆಯದೆಂದು ತಿಳಿಯದೆ ಹಿಂದಿನ ಬೆಂಚಿನಲ್ಲಿ ಪುಸ್ತಕ ತಿರುವಿಹಾಕುವ ಕುಟುಂಬವನ್ನು ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಿರಿ. ಅವರು ಹೇಗೆ ಬಂದರೆಂದು ಕೇಳಿರಿ, ನಿಮ್ಮ ಐದು ವಾಕ್ಯಗಳನ್ನು ಅವರು ಕೇಳಿದ ಮೇಲೆ ಹೇಳಿದರಾಯಿತು.