ಮುಕ್ತ ತಂತ್ರಾಂಶ ಲೈಬ್ರರಿಗೆ ಹೊಸ ಕೋಡ್ ಸೇರಿಸುವ ಕ್ರಮ

ಮುಕ್ತ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಕೋಡ್ ಓದಿ ತಿದ್ದಬಹುದಾದ ತಂತ್ರಾಂಶಕ್ಕೆ, ಕೊಡುಗೆ ನೀಡುವುದೆಂದರೆ ಮೊದಲು ಕೋಡ್ ಬರೆದು ಆಮೇಲೆ ಕಳುಹಿಸುವುದು ಎಂದು ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳ ಅನೇಕ ವಿದ್ಯಾರ್ಥಿಗಳು ಭಾವಿಸಿರುತ್ತಾರೆ. ಆದರೆ ಒಮ್ಮೆ ಸೇರಿದ ಫಂಕ್ಷನ್ನನ್ನು (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡಿನ ತುಣುಕನ್ನು), ಬರೆದವರು ಓದು ಮುಗಿಸಿ ಬೆಂಗಳೂರಿಗೆ ಹೊರಟುಹೋದ ಮೇಲೂ, ಲೈಬ್ರರಿಯ (ಇತರ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡಿನ ಸಂಗ್ರಹದ) ನಿರ್ವಾಹಕರೇ ನೋಡಿಕೊಳ್ಳಬೇಕಾಗುತ್ತದೆ. ಆದಕಾರಣ ಅವರ ಒಪ್ಪಿಗೆ ಮೊದಲು, ಕೋಡ್ ಆಮೇಲೆ.

ಕೊಡುಗೆಯ ನಿಯಮಗಳ ಕಡತವನ್ನೂ ಪರವಾನಗಿಯನ್ನೂ ಓದಿದ ಬಳಿಕ, ಅದೇ ಸಮಸ್ಯೆಯನ್ನು ಬೇರೆಯವರು ಈಗಾಗಲೇ ದಾಖಲಿಸಿದ್ದಾರೆಯೇ ಎಂದು ಹುಡುಕಬೇಕು. ಇಲ್ಲವಾದರೆ ಹೊಸ ಇಶ್ಯೂ (ಸಮಸ್ಯೆಯ ದಾಖಲೆ) ತೆರೆದು, ತೊಂದರೆಯೇನು ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪಠ್ಯಶೋಧದ ಲೈಬ್ರರಿಯೊಂದು "ಮೈಸೂರು" ಎಂಬ ಪದವನ್ನು ಕೆಲವೊಮ್ಮೆ ಕಂಡುಹಿಡಿಯುವುದಿಲ್ಲ ಎಂದುಕೊಳ್ಳೋಣ. "ಮೈ"ಯಲ್ಲಿರುವ ಐಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ವ್ಯವಸ್ಥೆಯಲ್ಲಿ) ಒಂದೇ ಸಂಕೇತವಾಗಿಯೂ, ಬಿಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಹೀಗಾಗಿ ಕಣ್ಣಿಗೆ ಒಂದೇ ಆಗಿ ಕಾಣುವ ಪದ ಒಂದು ಕಡತದಲ್ಲಿ 6 ಸಂಕೇತಗಳಾಗಿದ್ದು, ಇನ್ನೊಂದರಲ್ಲಿ 7 ಆಗಿದ್ದರೆ, ನೇರವಾಗಿ ಹೋಲಿಸುವ ಕೋಡ್ ಅವೆರಡನ್ನೂ ಬೇರೆ ಬೇರೆ ಎಂದೇ ತಿಳಿಯುತ್ತದೆ. ಇಷ್ಟು ಖಚಿತವಾಗಿ ಬರೆದರೆ ಕನ್ನಡ ಬಾರದ ನಿರ್ವಾಹಕರಿಗೂ ವಿಷಯ ಅರ್ಥವಾಗುತ್ತದೆ. "ಕನ್ನಡ ಸರಿಯಾಗಿ ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಒಪ್ಪಿಗೆ ದೊರೆತ ಮೇಲೆ ಲೈಬ್ರರಿಯನ್ನು ಫೋರ್ಕ್ ಮಾಡಿ (ತಮ್ಮ ಖಾತೆಗೆ ನಕಲಿಸಿ), ಆ ನಕಲನ್ನು ತಮ್ಮ ಕಂಪ್ಯೂಟರಿಗೆ ಕ್ಲೋನ್ ಮಾಡಿಕೊಂಡು (ಇಳಿಸಿಕೊಂಡು), ಈ ಕೆಲಸಕ್ಕೆಂದೇ ಒಂದು ಬ್ರ್ಯಾಂಚ್ (ಕೋಡಿನ ಪ್ರತ್ಯೇಕ ಕವಲು) ತೆರೆಯಬೇಕು. ಒಂದಕ್ಷರವನ್ನೂ ಬದಲಿಸುವ ಮೊದಲು ಈಗಿರುವ ಟೆಸ್ಟ್‌ಗಳನ್ನೆಲ್ಲ (ಕೋಡ್ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಚಿಕ್ಕ ಪ್ರೋಗ್ರಾಂಗಳನ್ನೆಲ್ಲ) ಓಡಿಸಿ ನೋಡುವುದು ಅಗತ್ಯ. ಮೊದಲೇ ಸೋಲುತ್ತಿದ್ದ ಟೆಸ್ಟ್ ಯಾವುದೆಂದು ತಿಳಿಯದಿದ್ದರೆ, ಮುಂದೆ ಬರುವ ದೋಷ ಯಾರದೆಂದು ಹೇಳುವುದು ಕಷ್ಟ. ಅನಂತರ "ಮೈಸೂರು" ಪದದ ಎರಡೂ ರೂಪಗಳನ್ನು ಹೋಲಿಸುವ ಹೊಸ ಟೆಸ್ಟ್ ಬರೆದು, ಅದು ಸೋಲುವುದನ್ನು ಖಚಿತಪಡಿಸಿಕೊಂಡು, ಬಳಿಕವೇ ಪರಿಹಾರಕ್ಕೆ ಕೈಹಾಕಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಕೊಡುಗೆಯಲ್ಲಿ ಹೆಚ್ಚು ಬೆಲೆಬಾಳುವುದು ಈ ಟೆಸ್ಟೇ, ಏಕೆಂದರೆ ನಾಳೆ ಮತ್ತೊಬ್ಬರು ಕೋಡ್ ತಿದ್ದಿದರೂ ಕನ್ನಡ ಕೆಡದಂತೆ ಅದು ಕಾಯುತ್ತದೆ. ಪರಿಹಾರವಂತೂ ಚಿಕ್ಕದು: ಹೋಲಿಸುವ ಮೊದಲು ಎರಡೂ ಪಠ್ಯಗಳನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲೇ ಇರುವುದರಿಂದ, ಅಕ್ಷರಗಳ ಪಟ್ಟಿಯನ್ನು ನಾವೇ ಬರೆಯಬೇಕಾಗಿಲ್ಲ.

ಬೇರೆಡೆಯಿಂದ ನಕಲಿಸಿದ ಕೋಡ್ ಇದ್ದರೆ ಅದರ ಪರವಾನಗಿ ಈ ಲೈಬ್ರರಿಯದಕ್ಕೆ ಹೊಂದಬೇಕು. ತಿದ್ದಿ ಹಂಚುವವರೂ ಅದೇ ಪರವಾನಗಿಯಲ್ಲೇ ಹಂಚಬೇಕೆನ್ನುವ ಜಿಪಿಎಲ್ ಅಡಿಯ ಕೋಡನ್ನು, ಅಂತಹ ಷರತ್ತಿಲ್ಲದ ಎಂಐಟಿ ಪರವಾನಗಿಯ ಲೈಬ್ರರಿಗೆ ಸುಮ್ಮನೆ ತಂದು ಸೇರಿಸುವಂತಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ಉದ್ಯೋಗದಲ್ಲಿರುವವರು ತಮ್ಮ ಉದ್ಯೋಗ ಒಪ್ಪಂದವನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅವರು ಬರೆದ ಕೋಡಿನ ಹಕ್ಕು ಕಂಪನಿಯದೆಂದು ಅದರಲ್ಲಿರಬಹುದು.

ಕಮಿಟ್ (ದಾಖಲಿಸಿದ ಬದಲಾವಣೆ) ಜೊತೆಗಿನ ಸಂದೇಶದಲ್ಲಿ ಏನು ಬದಲಾಯಿತು ಎಂಬುದಕ್ಕಿಂತ ಏಕೆ ಬದಲಾಯಿಸಬೇಕಾಯಿತು ಎಂಬುದಿರಲಿ. ಏನೆಂಬುದನ್ನು ಕೋಡಿನ ಬದಲಾವಣೆಗಳ ಇತಿಹಾಸವಿಡುವ ತಂತ್ರಾಂಶ ಗಿಟ್ ತಾನೇ ತೋರಿಸುತ್ತದೆ. ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳುಹಿಸುವಾಗ ಇಶ್ಯೂವಿನ ಸಂಖ್ಯೆಯನ್ನು ಉಲ್ಲೇಖಿಸಬೇಕು. ದಾರಿಯಲ್ಲಿ ಕಣ್ಣಿಗೆ ಬಿದ್ದ ಇತರ ತಪ್ಪುಗಳನ್ನು, ಎಷ್ಟೇ ಆಸೆಯಾದರೂ, ಇದರಲ್ಲೇ ತಿದ್ದಬಾರದು. ನಿರ್ವಾಹಕರಲ್ಲಿ ಹಲವರು ಬಿಡುವಿನ ವೇಳೆಯಲ್ಲಿ ದುಡಿಯುವವರಾದ್ದರಿಂದ ಉತ್ತರಕ್ಕೆ ವಾರಗಳೇ ಹಿಡಿಯಬಹುದು. ಅವರು ತಿದ್ದುಪಡಿ ಸೂಚಿಸಿದಾಗ ಹೊಸ ಪುಲ್ ರಿಕ್ವೆಸ್ಟ್ ತೆರೆಯದೆ ಅದೇ ಬ್ರ್ಯಾಂಚಿಗೆ ಕಮಿಟ್ ಸೇರಿಸಿ ಪುಶ್ ಮಾಡಿದರೆ (ಕಂಪ್ಯೂಟರಿನಿಂದ ಫೋರ್ಕ್‌ಗೆ ಕಳುಹಿಸಿದರೆ) ಸಾಕು, ಹಳೆಯ ಚರ್ಚೆಯೆಲ್ಲ ಅಲ್ಲಿಯೇ ಉಳಿಯುತ್ತದೆ.